ಹಗಲು ಕಟ್ಟಿದ ನಾಯಿ

ಮೊದಲು ಬೆಳ್ಳಿ ಎಂಬ ದನ ಸತ್ತದ್ದನ್ನು ಬರೆಯಬೇಕು. ಅದನ್ನು ಬಿಟ್ಟು ನಾಯಿಯ ವಿಷಯ ಹೇಳಲು ನನಗೆ ಬರುವುದಿಲ್ಲ.

ಎಂಬತ್ತನೇ ಇಸವಿ ಕಳೆದ ಮೇಲಿನ ಮಾತು. ನಿಮ್ಮ ಅಜ್ಜ ಕಾಮಾಲೆಯಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮಲ್ಲಿ ಹೆಣ್ಣು ತಾಯಿಮನೆಗೆ ಸೇರಿದವಳು. ಹಾಗಾಗಿ ನಾನು ಇಬ್ಬರು ಮಕ್ಕಳನ್ನು ಕರೆದುಕೊಂಡು ಪಡೀಲಿನ ಮನೆಗೆ ಬಂದದ್ದನ್ನು ಯಾರೂ ವಿಶೇಷ ಎಂದುಕೊಳ್ಳಲಿಲ್ಲ. ಮನೆಗೆ ಅಣ್ಣ ಯಜಮಾನರು. ಗದ್ದೆಗಳೆಲ್ಲ ಒಕ್ಕಲುಗಳಿಗೆ ಹೋಗಿ, ಮನೆ ಮತ್ತು ಅದರ ಸುತ್ತಲಿನ ತೆಂಗಿನ ಹಿತ್ತಲು ಮಾತ್ರ ಉಳಿದಿತ್ತು. ಅಣ್ಣ ಬಲ್ಮಠದಲ್ಲಿ ಸಂಬಂಧಿಕರ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಬೆಳಗ್ಗೆ ಹೋದರೆ ಬರುವಾಗ ಸಂಜೆ. ನನ್ನ ಪಾಲಿನ ಕೆಲಸ ಹಟ್ಟಿ. ನಾಲ್ಕು ದನ, ಎರಡು ಕರು. ಬೆಳಗಾಗುವ ಮೊದಲು ಹಾಲು ಕರೆದು, ಒಂದು ಕ್ಯಾನು ಹೋಟೆಲಿಗೆ ಕಳುಹಿಸಿ, ಉಳಿದದ್ದನ್ನು ನೆರೆಕರೆಯವರಿಗೆ ಅಳೆದು ಕೊಡುವುದು. ಬಿಸಿಲೇರಿದ ಮೇಲೆ ದನಗಳನ್ನು ಬೈಲಿಗೆ ಹೊಡೆದು ಸಂಜೆಗೆ ಹಿಂದೆ ತರುವುದು. ಊರಲ್ಲಿ ನನ್ನನ್ನು ಹಾಲಿನಕ್ಕ ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುವವರು ಅಣ್ಣನನ್ನು ಬಿಟ್ಟರೆ ಬೇರೆ ಇರಲಿಲ್ಲ.

ಬೈಲಿನ ನಡುವೆ ಆಗಷ್ಟೇ ಹೊಸ ರೈಲುದಾರಿ ಬಂದಿತ್ತು. ಅದರ ಮಣ್ಣಿನ ಏರಿಯ ಮೇಲೆ ಯಾರೂ ಹುಲ್ಲು ಕೊಯ್ಯುತ್ತಿರಲಿಲ್ಲವಾದ್ದರಿಂದ ಗದ್ದೆ ಒಣಗಿದ ಮೇಲೂ ಅಲ್ಲಿ ಹಸಿರು ಇರುತ್ತಿತ್ತು. ದನಗಳಿಗೆ ಅದರ ಮೇಲೆಯೇ ಕಣ್ಣು. ಸಣ್ಣ ಪ್ರಾಯದಲ್ಲೇ ನನಗೆ ಮಂಡಿನೋವು ಹಿಡಿದಿತ್ತು, ಓಡಿ ತಿರುಗಿಸಲು ಆಗುತ್ತಿರಲಿಲ್ಲ. ನಿಂತಲ್ಲಿಂದ ಕೂಗುತ್ತಿದ್ದೆ. ಒಂದು ಮಧ್ಯಾಹ್ನ ಬೆಳ್ಳಿ ಆ ಏರಿಯನ್ನು ಹತ್ತಿದಳು. ಗೂಡ್ಸ್ ಗಾಡಿಯ ಶಬ್ದ ಕೇಳುತ್ತಿತ್ತು. ನಾನು ಕೂಗಿದೆ. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು, ಬರಬೇಕೋ ಬೇಡವೋ ಎಂದು ಯೋಚಿಸುವ ಹಾಗೆ. ಆರು ತಿಂಗಳ ಗಬ್ಬದ ದನ. ಅದರ ಹಗ್ಗ ಸಂಜೆಯವರೆಗೂ ನನ್ನ ಕೈಯಲ್ಲೇ ಇತ್ತು.

ಕರುಗಳಿಗೆ ಚುಚ್ಚುಮದ್ದು ಹಾಕಲು ಬಂದ ದನದ ಡಾಕ್ಟ್ರು ವಿಷಯ ಕೇಳಿ ಸಿರಿಂಜು ಕೆಳಗಿಟ್ಟರು. ಅವರು ತಮಾಷೆಯ ಮನುಷ್ಯ, ಆದರೆ ಸಮಯ ನೋಡಿ ತಮಾಷೆ ಮಾಡುವವರು.

“ನಿಮ್ಮ ಎರಡು ಕಾಲಿನಿಂದ ಆಗುವ ಕೆಲಸ ಅಲ್ಲ ಇದು,” ಎಂದರು. “ನಾಲ್ಕು ಕಾಲಿನವನೊಬ್ಬನನ್ನು ಇಟ್ಟುಕೊಳ್ಳಿ.”

ವಾಮಂಜೂರಿನಲ್ಲಿ ಒಬ್ಬರು ಟೀಚರ್ ಮಾಲೀಕರು ಬಿಟ್ಟುಹೋದ ನಾಯಿಗಳನ್ನು ಸಾಕುತ್ತಿದ್ದಾರೆ, ಅಲ್ಲಿ ಒಂದು ಅಲ್ಸೇಶಿಯನ್ ಬಂದು ಮೂರು ತಿಂಗಳಾಯಿತು, ಯಾರೂ ಒಯ್ಯುವುದಿಲ್ಲ ಎಂದರು. ಅಲ್ಸೇಶಿಯನ್ ಎಂದರೆ ಪೊಲೀಸರ ನಾಯಿ ಎಂದಷ್ಟೇ ನನಗೆ ಗೊತ್ತಿದ್ದದ್ದು. ಡಾಕ್ಟ್ರು ನಕ್ಕರು. ಪೊಲೀಸರು ಅದನ್ನು ಹಿಡಿದದ್ದು ಮೊನ್ನೆ ಮೊನ್ನೆ, ಅದರ ಜಾತಿಯ ಕಸುಬು ಕುರಿ ಕಾಯುವುದು, ಗುಂಪು ಚದುರಿದರೆ ಅದಕ್ಕೆ ನಿದ್ದೆ ಬರುವುದಿಲ್ಲ ಎಂದು ಹೇಳಿದರು.

ಅಣ್ಣನನ್ನು ಕೇಳಲು ನನಗೆ ನಾಲ್ಕು ದಿನ ಬೇಕಾಯಿತು. ಊಟ ಬಡಿಸುವಾಗ ಕೇಳಿದೆ. ಅವರು ಸುಲಭದಲ್ಲಿ ಒಪ್ಪಿದರು. ಹಿತ್ತಲಿನಿಂದ ತೆಂಗಿನಕಾಯಿ ಕಳವಾಗುತ್ತಿತ್ತು, ಅಲ್ಸೇಶಿಯನ್ ಇದ್ದರೆ ಒಳ್ಳೆಯದೇ ಎಂದರು. ನಾನು ಕೇಳಿದ್ದು ದನಕ್ಕೆ, ಅವರು ಒಪ್ಪಿದ್ದು ತೆಂಗಿಗೆ. ಅಂದೇ ಬಿಡಿಸಿ ಹೇಳಬೇಕಿತ್ತು. ಒಪ್ಪಿದರಲ್ಲಾ ಎಂದು ಸುಮ್ಮನಾದೆ.

ಆ ಟೀಚರ್ ಕೆಲಸದಿಂದ ನಿವೃತ್ತರಾದ ಒಂಟಿ ಹೆಂಗಸು. ಹಿಂದೆ ಹಂಚು ಒಣಗಿಸುತ್ತಿದ್ದ ಒಂದು ಉದ್ದನೆಯ ಶೆಡ್ಡನ್ನು ಹಿಡಿದು, ಹಂಚಿನ ಕಪಾಟುಗಳ ನಡುವೆ ಬಲೆ ಬಡಿದು ಗೂಡು ಮಾಡಿದ್ದರು. ಸುಮಾರು ಇಪ್ಪತ್ತೈದು ನಾಯಿಗಳಿದ್ದವು. ಕಜ್ಜಿಗೆ ಗಂಧಕ ಮತ್ತು ಹೊಂಗೆ ಎಣ್ಣೆ ಕಾಯಿಸುತ್ತಿದ್ದ ವಾಸನೆ ಬಸ್ ಸ್ಟ್ಯಾಂಡಿನವರೆಗೂ ಬರುತ್ತಿತ್ತು. ನಾನು ಬಾಗಿಲ ಹೊರಗೆ ನಿಂತೇ ಇದ್ದೆ. ಒಳಗಿನಿಂದ ಅವರೇ, “ಎಂತ ಬೇಕಿತ್ತು? ನಾಯಿ ತಂದದ್ದಾ, ಒಯ್ಯಲಿಕ್ಕೆ ಬಂದದ್ದಾ?” ಎಂದು ಕೇಳಿದರು. ಒಯ್ಯಲಿಕ್ಕೆ ಎಂದಾಗ ಮುಖ ಎತ್ತಿ ನೋಡಿದರು.

ಟೈಗರ್ ಎಂಬ ಆ ನಾಯಿ ಕೊನೆಯ ಗೂಡಿನಲ್ಲಿತ್ತು. ಬೆನ್ನು ಕಪ್ಪು, ಕಾಲು ಕೆಂಚು, ಒಂದು ಕಿವಿಯ ತುದಿ ಹರಿದದ್ದು. ಬೊಗಳಲಿಲ್ಲ. ನನ್ನನ್ನು ನೋಡದೆ ನನ್ನ ಕಾಲುಗಳನ್ನು ನೋಡುತ್ತಿತ್ತು. ಟೀಚರ್ ರಿಜಿಸ್ಟರ್ ತೆಗೆದು ತೋರಿಸಿದರು. ನನಗೆ ಐದನೇ ಕ್ಲಾಸಿನ ಓದು, ಆದರೂ ಅವರ ಅಕ್ಷರ ದುಂಡಗಿದ್ದದ್ದರಿಂದ ಓದಲು ಬಂತು. ಮೊದಲಿನವರು ಬಂದರಿನ ಕಡೆಯ ಒಬ್ಬ ಆಫೀಸರು. ‘ಬಿಟ್ಟುಹೋದ ಕಾರಣ’ ಎಂಬ ಕಾಲಮಿನಲ್ಲಿ ಒಂದೇ ಶಬ್ದ ಇತ್ತು: ಕಚ್ಚುತ್ತದೆ.

“ಈ ಒಂದು ಶಬ್ದ ನೋಡಿ ಎಲ್ಲರೂ ಹಿಂದೆ ಹೋಗ್ತಾರೆ,” ಎಂದರು ಟೀಚರ್. “ಯಾರಿಗೆ ಕಚ್ಚಿತು, ಎಲ್ಲಿಗೆ ಕಚ್ಚಿತು ಅಂತ ಕೇಳಿದ್ರೆ ಅವರು ಹೇಳ್ಲಿಲ್ಲ. ನನಗೆ ಇದುವರೆಗೆ ಕಚ್ಚಲಿಲ್ಲ. ನೀವೇ ನೋಡಿ.”

ಒಂದೇ ಸಲಕ್ಕೆ ನಾಯಿ ಕೊಡುವ ಪದ್ಧತಿ ಅಲ್ಲಿರಲಿಲ್ಲ. ಮೂರು ಸಲ ಬಂದು ಅರ್ಧರ್ಧ ಗಂಟೆ ಅದರ ಹತ್ತಿರ ಕೂರಬೇಕು. ಮೊದಲ ಸಲ ಬಲೆಯ ಹೊರಗೆ, ಎರಡನೇ ಸಲ ಒಳಗೆ, ಮೂರನೇ ಸಲ ಹಗ್ಗ ಹಿಡಿದು ಶೆಡ್ಡಿನ ಸುತ್ತ. ಹಾಗೆ ಮಾಡಿದೆ. ಎರಡನೇ ಸಲ ನನ್ನ ಸೀರೆಯಲ್ಲಿದ್ದ ಹಟ್ಟಿಯ ವಾಸನೆಯನ್ನು ಅದು ಅಂಚಿನಿಂದ ಅಂಚಿಗೆ ಮೂಸಿ, ನನ್ನ ಪಕ್ಕದಲ್ಲಿ ಮಲಗಿತು. ಆಮೇಲೆ ಟೀಚರ್ ನಮ್ಮ ಮನೆ ನೋಡಲು ಬಂದರು. ಅಣ್ಣ ಹೋಟೆಲಿನಲ್ಲಿದ್ದರು. ಟೀಚರ್ ಹಟ್ಟಿ, ಬಾವಿ, ಬೇಲಿ, ಬೈಲು ಎಲ್ಲ ನೋಡಿ ಜಗಲಿಯಲ್ಲಿ ಕೂತು ಒಂದು ಕಾಗದ ಓದಿ ಹೇಳಿದರು. ಕಾಯಿಲೆ ಬಿದ್ದರೆ ಹೊರತು ಹಗಲಿಡೀ ಕಟ್ಟಿ ಹಾಕಬಾರದು. ಎರಡು ಹೊತ್ತು ಹೊಟ್ಟೆಗೆ ಹಾಕಬೇಕು. ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ, ರಸ್ತೆಯಲ್ಲಿ ಬಿಡದೆ, ಶೆಡ್ಡಿಗೇ ತರಬೇಕು.

“ನಿಮ್ಮ ಅಣ್ಣನಿಗೆ ಇದೆಲ್ಲ ಒಪ್ಪಿಗೆ ಉಂಟಲ್ಲ?” ಎಂದು ಕೇಳಿದರು.

ಹೌದು ಎಂದೆ. ಕೆಳಗೆ ನನ್ನ ಹೆಸರು ಬರೆದೆ. ಮದುವೆಯ ಮೇಲೆ ನಾನು ಹೆಸರು ಬರೆದದ್ದು ಅದೇ ಮೊದಲಿರಬೇಕು.

ಬಸ್ಸಿನಲ್ಲಿ ನಾಯಿಗೆ ಜಾಗವಿಲ್ಲ. ವಾಮಂಜೂರಿನಿಂದ ಕುಲಶೇಖರಕ್ಕಾಗಿ ಪಡೀಲಿಗೆ ನಡೆದೇ ತಂದೆ. ಜನ ಅಂಗಡಿಗಳಿಂದ ಹೊರಗೆ ಬಂದು ನೋಡಿದರು. ಒಬ್ಬ, “ಅಕ್ಕ, ನೀವು ನಾಯಿಯನ್ನು ಕರ್ಕೊಂಡು ಹೋಗುದಾ, ಅದು ನಿಮ್ಮನ್ನು ಕರ್ಕೊಂಡು ಹೋಗುದಾ?” ಎಂದು ಕೇಳಿದ. ತಲೆ ತಗ್ಗಿಸಿ ನಡೆದೆ. ನಾನು ಮಂಡಿ ನೋವೆಂದು ನಿಂತಲ್ಲಿ ನಾಯಿಯೂ ನಿಲ್ಲುತ್ತಿತ್ತು. ಅಂದು ಅಷ್ಟು ದೂರ ನಡೆದದ್ದು ಭಾರ ಎನಿಸಲಿಲ್ಲ.

ಡಾಕ್ಟ್ರು ಕಲಿಸಿಕೊಟ್ಟ ಹಾಗೆ ಪಳಗಿಸಿದೆ. ಮೊದಲು ಹಾಲು ಕರೆಯುವಾಗ ಹಟ್ಟಿಯ ಬಾಗಿಲಲ್ಲಿ ಕಟ್ಟಿದೆ, ದನಗಳಿಗೆ ಅದರ ಪರಿಚಯ ಆಗಲಿ ಎಂದು. ಬಾಣಂತಿ ದನ ಒಮ್ಮೆ ಕೊಂಬು ಇಳಿಸಿ ಬಂತು. ನಾಯಿ ಹಿಂದೆ ಸರಿದು ಕೂತಿತು, ಸಿಟ್ಟು ಮಾಡಲಿಲ್ಲ. ನಂತರ ಬಾವಿಯ ಹಗ್ಗದಷ್ಟು ಉದ್ದದ ಹಗ್ಗ ಹಾಕಿ ಬೈಲಿಗೆ ಒಯ್ದೆ. ದನಗಳ ಮುಂದೆ ಎಂದೂ ಬಿಡಬಾರದು, ಹಿಂದೆಯೇ ಇಡಬೇಕು. ಸಂಜೆ ಉಳಿದ ಮೂರೂ ದನ ಗೂಟಕ್ಕೆ ಬಂದ ಮೇಲೆಯೇ ಅದಕ್ಕೆ ಗಂಜಿ, ಬೂತಾಯಿ ಮೀನಿನ ತಲೆ. ದನ ಗೂಟಕ್ಕೆ ಬಂದರೆ ಕೆಲಸ ಮುಗಿಯಿತು, ಕೆಲಸ ಮುಗಿದರೆ ಊಟ ಎಂದು ಅದಕ್ಕೆ ತಿಳಿಯಬೇಕು. ನಾಲ್ಕು ದಿನದಲ್ಲಿ ತಿಳಿಯಿತು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಕೆಂಪಿ ಎಂಬ ದನ ಏರಿಯ ಕಡೆ ಹೊರಟಿತು. ಹಗ್ಗ ನನ್ನ ಕೈಯಿಂದ ಜಾರಿತು. ನಾಯಿ ಕೆಳಗೆ ಬಗ್ಗಿ, ನೆಲಕ್ಕೆ ಹೊಟ್ಟೆ ತಾಗುವ ಹಾಗೆ ಓಡಿ, ಸುತ್ತುಬಳಸಿ ಏರಿಯ ಬದಿಯಿಂದ ಬಂದು ಕೆಂಪಿಯ ಹಿಂಗಾಲಿನ ಗೊರಸಿನ ಮೇಲೆ ಒಮ್ಮೆ ಹಲ್ಲು ತಾಗಿಸಿತು. ರಕ್ತ ಇಲ್ಲ, ಗಾಯ ಇಲ್ಲ. ಕೆಂಪಿ ತಿರುಗಿ ನನ್ನ ಕಡೆ ಓಡಿ ಬಂದಳು. ನಾಯಿ ಅವಳ ಹಿಂದೆ, ಆಚೆ ಈಚೆ ಆಚೆ ಈಚೆ, ನನ್ನ ಎದುರು ತಂದು ನಿಲ್ಲಿಸಿ ನನ್ನ ಮುಖ ನೋಡಿತು. ರಿಜಿಸ್ಟರಿನಲ್ಲಿದ್ದ ಆ ಶಬ್ದ ನನಗೆ ಆಗ ಅರ್ಥವಾಯಿತು. ಅದು ಕಚ್ಚುವುದು ಹಿಮ್ಮಡಿಗೆ ಮಾತ್ರ. ಅದೂ ಓಡುವವರ ಹಿಮ್ಮಡಿಗೆ. ಗುಂಪು ಬಿಟ್ಟು ಓಡುವವರನ್ನು ಹಿಂದೆ ತರುವುದು ಅದಕ್ಕೆ ಗೊತ್ತಿದ್ದ ಒಂದೇ ವಿದ್ಯೆ.

ಆ ಭಾನುವಾರ ಅಣ್ಣ ಮನೆಯಲ್ಲಿದ್ದರು. ಹಾಲಿಗೆ ಬಂದವರೆಲ್ಲ ಅಂಗಳ ದಾಟಿ ಹಟ್ಟಿಗೆ ಬಂದು ಹೋದರು. ನಾಯಿ ಕರುಗಳ ನಡುವೆ ಮಲಗಿತ್ತು. ಯಾರಿಗೂ ಬೊಗಳಲಿಲ್ಲ.

“ಇದು ನಾಯಿಯಾ, ಮೂರನೇ ಕರುವಾ?” ಎಂದು ಅಣ್ಣ ಕೇಳಿದರು. “ಊರಿನವರಿಗೆಲ್ಲ ಹಗಲು ಮುಖ ತೋರಿಸಿದ್ರೆ ನಾಳೆ ಕಳ್ಳನಿಗೂ ಬಾಲ ಆಡಿಸ್ತದೆ. ಹಗಲು ಕಟ್ಟು, ಕತ್ತಲೆಯಾದ ಮೇಲೆ ಬಿಡು. ನಮ್ಮ ಅಜ್ಜ ಸಾಕಿದ ಕ್ರಮ ಅದು.”

ನಿಮಗೆ ಇದು ಕ್ರೂರ ಅನಿಸಬಹುದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ ಇತ್ತು. ಹಗಲು ಜನರ ಕಣ್ಣಿಗೆ ಬೀಳದ ನಾಯಿ ಜೋರಾಗುತ್ತದೆ ಎಂಬ ನಂಬಿಕೆ. ಅಣ್ಣ ಬಚ್ಚಲುಮನೆಯ ಹಿಂದೆ ಗೂಟ ಹುಗಿದು, ಜನ ಕಾಣದ ಹಾಗೆ ಗೋಣಿ ಕಟ್ಟಿದರು. ಟೀಚರಿಗೆ ಹೆಸರು ಬರೆದುಕೊಟ್ಟ ಕಾಗದದ ಮಾತನ್ನು ನಾನು ಎತ್ತಲಿಲ್ಲ. ಅಣ್ಣನ ಮನೆ, ಅಣ್ಣನ ಅನ್ನ, ನಾನು ಎರಡು ಮಕ್ಕಳ ವಿಧವೆ. ಸರಪಳಿ ಹಾಕಿದ್ದು ನನ್ನ ಕೈಯೇ.

ಐದು ವಾರ ಹಾಗೆ ಕಳೆಯಿತು. ಹಗಲು ಪೂರ್ತಿ ಅದು ಗೂಟಕ್ಕೆ ಸುತ್ತು ಹಾಕುತ್ತಿತ್ತು. ನೆಲದಲ್ಲಿ ಗಾಣದೆತ್ತು ತುಳಿದ ಹಾಗೆ ಒಂದು ಗುಂಡಗಿನ ಚರಂಡಿ ಆಯಿತು. ದನಗಳ ಕೊರಳಗಂಟೆ ಕೇಳಿದರೆ ಕುತ್ತಿಗೆ ಕೊಯ್ಯುವ ಹಾಗೆ ಎಳೆಯುತ್ತಿತ್ತು. ಯಾರ ಕಾಲಸಪ್ಪಳ ಕೇಳಿದರೂ ಬೊಗಳಲು ಕಲಿಯಿತು. ಅಣ್ಣನಿಗೆ ಸಂತೋಷವಾಯಿತು. ನಾನು ಮೊದಲಿನ ಹಾಗೆ ಬೈಲಿನಲ್ಲಿ ನಿಂತು ಕೂಗತೊಡಗಿದೆ.

ಆ ದಿನ ಮಧ್ಯಾಹ್ನದ ಮೇಲೆ ಕರುವಿಗೆ ನೀರು ಕೊಡಲು ನಾನು ಮನೆಗೆ ಬಂದಿದ್ದೆ. ಕೆಂಪಿ ಏರಿಯ ಹತ್ತಿರ ಹೋಗುವುದು ಹಿತ್ತಲಿನಿಂದ ಕಂಡಿತು. ದೂರದಲ್ಲಿ ಗಾಡಿ ಕೂಗಿತು. ನಾನು ಬೇರೇನೂ ಯೋಚಿಸಲಿಲ್ಲ. ಬಚ್ಚಲ ಹಿಂದೆ ಹೋಗಿ ಸರಪಳಿ ಕಳಚಿದೆ.

ನಮ್ಮ ಬೇಲಿಯ ಆಚೆಯ ಮನೆ ದಿನಸಿ ಅಂಗಡಿಯ ಬ್ಯಾರಿಗಳದ್ದು. ಅವರು, ಹೆಂಡತಿ, ಎಂಟು ವರ್ಷದ ಮಗಳು ಮತ್ತು ಅವರ ತಾಯಿ. ತಾಯಿಯನ್ನು ಊರೆಲ್ಲ ಉಮ್ಮ ಎನ್ನುತ್ತಿತ್ತು. ಒಳ್ಳೆಯ ಜನ. ಬೆಳಗ್ಗಿನ ಹಾಲು ಒಡೆದಿತ್ತೆಂದು ಹುಡುಗಿ ಆ ಹೊತ್ತಿನಲ್ಲಿ ಚೊಂಬು ಹಿಡಿದು ನಮ್ಮ ಅಂಗಳಕ್ಕೆ ಕಾಲಿಟ್ಟಿದ್ದಳು. ಐದು ವಾರ ಕಟ್ಟಿದ್ದ ನಾಯಿ ಬಾಣದ ಹಾಗೆ ಹೊರಗೆ ಬಂದದ್ದನ್ನು ಕಂಡು ಚೊಂಬು ಬಿಸಾಡಿ ಓಡಿದಳು. ಓಡಬಾರದಿತ್ತು. ಅದು ಅವಳಿಗೆ ಹೇಗೆ ಗೊತ್ತಿರಬೇಕು?

ನಾಯಿ ಕೆಂಪಿಯನ್ನು ನೋಡಲೇ ಇಲ್ಲ. ಹುಡುಗಿಯ ಹಿಂದೆ ಹೋಗಿ ಹಿಮ್ಮಡಿಗೆ ಹಲ್ಲು ಹಾಕಿತು. ದನದ ಗೊರಸಿಗೆ ತಾಗುವ ಹಲ್ಲು ಮಗುವಿನ ಚರ್ಮಕ್ಕೆ ಇಳಿಯದೆ ಇರುತ್ತದೆಯೇ. ಅವಳು ಚೀರಿ ತಿರುಗಿದಳು. ಅದು ಅವಳ ಸುತ್ತ ಆಚೆ ಈಚೆ ನಡೆದು, ಅವಳನ್ನು ನನ್ನ ಎದುರು ತಂದು ನಿಲ್ಲಿಸಿ, ನನ್ನ ಮುಖ ನೋಡಿತು. ಬಾಲ ಆಡಿಸುತ್ತಿತ್ತು.

ಕೆಂಪಿ ತಾನಾಗಿಯೇ ಏರಿಯಿಂದ ಇಳಿದಿದ್ದಳು. ಅದನ್ನು ನಾನು ನೋಡಿದ್ದು ಆಮೇಲೆ.

ನಾಯಿಯನ್ನು ಕಟ್ಟಿ, ಹುಡುಗಿಯ ಕಾಲನ್ನು ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ತುಂಬ ಹೊತ್ತು ತೊಳೆದೆ. ಎರಡು ಹಲ್ಲಿನ ಗುರುತು. ಎತ್ತಿಕೊಂಡು ಅವರ ಮನೆಗೆ ಒಯ್ದೆ. ಏನು ಹೇಳಿದೆನೋ ನೆನಪಿಲ್ಲ. ಉಮ್ಮ ನಾಯಿ ಮುಟ್ಟಿದ್ದಕ್ಕೆ ಮುಸಲ್ಮಾನರ ಕ್ರಮದಂತೆ ಆ ಕಾಲನ್ನೂ ಚೊಂಬನ್ನೂ ಏಳು ಸಲ ತೊಳೆದರು, ಒಂದು ಸಲ ಮಣ್ಣು ಹಚ್ಚಿ. ನಾನು ಬೇಲಿಯ ಹತ್ತಿರ ನಿಂತು ಎಣಿಸಿದೆ.

ಸರಕಾರಿ ಆಸ್ಪತ್ರೆಯ ಡಾಕ್ಟರು ಹೇಳಿದ್ದು ಹೀಗೆ. ನಾಯಿಗೆ ಹುಚ್ಚು ಬಾರದ ಚುಚ್ಚುಮದ್ದು ಆಗಿದೆ ಎಂದು ಶೆಡ್ಡಿನವರ ಕಾಗದ ಇದ್ದರೂ ನಂಬಿ ಕೂರಲು ಆಗದು. ಅದಕ್ಕೂ ಮೊದಲೇ ರೋಗ ಹಿಡಿದಿದ್ದರೆ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ಹುಡುಗಿಗೆ ಹೊಕ್ಕುಳ ಸುತ್ತ ದಿನಕ್ಕೊಂದು ಇಂಜೆಕ್ಷನ್, ಹದಿನಾಲ್ಕು. ಇವತ್ತೇ ಶುರು. ನಾಯಿಯನ್ನು ಕೊಲ್ಲಬಾರದು, ಕಟ್ಟಿ ನೋಡಬೇಕು. ಹತ್ತು ದಿನ ಅದು ಬದುಕಿ ಸರಿಯಾಗಿದ್ದರೆ ಹುಡುಗಿಗೆ ಭಯವಿಲ್ಲ, ಮುಂದಿನ ಇಂಜೆಕ್ಷನ್ ಬೇಡ. ಅಷ್ಟರೊಳಗೆ ಹುಚ್ಚು ಕಂಡರೆ ದೇವರೇ ಗತಿ. ಹದಿನಾಲ್ಕು ಹಾಕಿಸಿಕೊಂಡೂ ಸತ್ತವರನ್ನು ನಾವು ಊರಿನಲ್ಲಿ ಕಂಡಿದ್ದೆವು.

ಸಂಜೆ ಅಣ್ಣ ಬಂದಾಗ ಅಂಗಳದಲ್ಲಿ ಹತ್ತು ಹದಿನೈದು ಜನ ದೊಣ್ಣೆ ಹಿಡಿದು ನಿಂತಿದ್ದರು. ಅಣ್ಣ ಒಳಗೆ ಹೋಗಿ ಹಂದಿಗೆ ಇಟ್ಟಿದ್ದ ಹಳೆಯ ಕೋವಿ ತೆಗೆದರು. ಮನೆಯ ಮರ್ಯಾದೆಯ ವಿಷಯ ಎಂದರು. ಅಷ್ಟರಲ್ಲಿ ಅಂಗಡಿಯವರು ಆಸ್ಪತ್ರೆಯಿಂದ ನೇರ ನಮ್ಮಲ್ಲಿಗೆ ಬಂದರು. ಅವರ ಅಂಗಿಯ ಮೇಲೆ ಮಗಳ ಕಣ್ಣೀರು ಇನ್ನೂ ಒದ್ದೆ ಇತ್ತು.

“ಕೋವಿ ಒಳಗಿಡಿ ಯಜಮಾನ್ರೇ,” ಎಂದರು. “ನಾಯಿ ಇವತ್ತು ಸತ್ತರೆ ನನ್ನ ಮಗಳು ಬದುಕ್ತಾಳಾ ಇಲ್ವಾ ಅಂತ ನಾನು ಯಾರಲ್ಲಿ ಕೇಳುದು? ಅದು ಹತ್ತು ದಿನ ಇರಬೇಕು. ಅದಕ್ಕೆ ಯಾರಾದರೂ ಕೈ ಮಾಡಿದ್ರೆ ನನ್ನ ಮಗಳಿಗೆ ಕೈ ಮಾಡಿದ ಹಾಗೆ.”

ಜನ ಚದುರಿದರು. ಬೇಲಿಯ ಆಚೆಯಿಂದ ಉಮ್ಮ ನನ್ನನ್ನು ಕರೆದರು.

“ಹತ್ತು ದಿನ ಬದುಕಲಿ ಮಗಳೇ, ನಾನೂ ಅದಕ್ಕೆ ದುವಾ ಮಾಡ್ತೇನೆ. ಹನ್ನೊಂದನೇ ದಿನ ಅದು ಈ ಬೇಲಿಯ ಹತ್ತಿರ ಇರಬಾರದು. ಮಗು ಹಾಲಿಗೆ ಬರಬೇಕಲ್ಲ.”

ಆಯ್ತು ಉಮ್ಮ ಎಂದೆ.

ಆ ಮೇಲೆ ನನ್ನ ದಿನ ಶುರುವಾಗುತ್ತಿದ್ದದ್ದು ಬಚ್ಚಲ ಹಿಂದೆ. ಮಣ್ಣಿನ ಮರಿಗೆಯಲ್ಲಿ ನೀರು ಇಟ್ಟು ಕೋಲಿನಿಂದ ಮುಂದೆ ತಳ್ಳಿ, ನುಂಗುವುದನ್ನು ನೋಡಬೇಕು. ನುಂಗಲು ಕಷ್ಟವಾಗುತ್ತದೆಯೇ, ಜೊಲ್ಲು ಇಳಿಯುತ್ತದೆಯೇ, ಸ್ವರ ಒಡೆದಿದೆಯೇ, ಹಿಂಗಾಲು ಎಳೆಯುತ್ತದೆಯೇ. ದನದ ಡಾಕ್ಟ್ರು ಈ ನಾಲ್ಕನ್ನು ಹೇಳಿಕೊಟ್ಟಿದ್ದರು. ನಂತರ ಅಂಗಡಿಯವರ ಗೇಟಿಗೆ ಹೋಗಿ, “ನೀರು ಕುಡಿಯಿತು, ಗಂಜಿ ತಿಂದಿತು,” ಎಂದು ಹೇಳಿ ಬರುವುದು. ಅವರ ಹೆಂಡತಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು, ಎದುರು ಬರುತ್ತಿರಲಿಲ್ಲ. ನೆರೆಕರೆಯವರು ಹಾಲು ನಿಲ್ಲಿಸಿದರು. ಹೋಟೆಲಿನ ಕ್ಯಾನು ಮಾತ್ರ ಹೋಗುತ್ತಿತ್ತು.

ನಾಲ್ಕನೆಯ ದಿನ ಅಂಗಡಿಯವರಿಗೆ ಆಸ್ಪತ್ರೆಗೆ ಹೋಗಲು ಆಗಲಿಲ್ಲ. ಹುಡುಗಿಯನ್ನು ನಾನು ಒಯ್ಯುತ್ತೇನೆ ಎಂದೆ. ನನ್ನನ್ನು ನಂಬಿ ಕೊಟ್ಟರು. ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕೂತು ಅಂಗಿಯ ಮೇಲಿನಿಂದಲೇ ಹೊಟ್ಟೆಯನ್ನು ಬೆರಳಿನಿಂದ ಮುಟ್ಟಿ, ಇಲ್ಲಿ ಒಂದು, ಇಲ್ಲಿ ಎರಡು ಎಂದು ತೋರಿಸಿದಳು.

“ಹಾಲಿನಕ್ಕ, ನಿಮ್ಮ ನಾಯಿ ಯಾಕೆ ಕಚ್ಚಿದ್ದು?”

“ನೀನು ಓಡಿದ್ದಕ್ಕೆ. ಓಡುವವರು ತಪ್ಪಿ ಹೋಗ್ತಾರೆ ಅಂತ ಅದು ಎಣಿಸ್ತದೆ. ಹಿಂದೆ ತರ್ಲಿಕ್ಕೆ ನೋಡ್ತದೆ.”

“ಮೆಲ್ಲ ನಡೆದರೆ?”

“ಮೆಲ್ಲ ನಡೆದರೆ ಎಂತದೂ ಮಾಡುದಿಲ್ಲ.”

ಅವಳು ಸ್ವಲ್ಪ ಯೋಚಿಸಿದಳು. ಇಂಜೆಕ್ಷನ್ ಕೊಡುವಾಗ ನನ್ನ ಕೈಯನ್ನು ಹಿಡಿದ ಹಿಡಿತ ಈಗಲೂ ನೆನಪಿದೆ.

ಆರನೆಯ ದಿನ ನಾಯಿ ಗಂಜಿ ಮೂಸಿ ಬಿಟ್ಟಿತು. ಬೊಗಳಿ ಬೊಗಳಿ ಸ್ವರ ಒಡೆದಿತ್ತು. ಏಳನೆಯ ದಿನ ಬೆಳಗ್ಗೆ ನೀರಿನ ಕಡೆ ಮುಖ ಮಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿತ್ತು. ನಾನು ಕೋಲು ಹಿಡಿದು ಎಷ್ಟು ಹೊತ್ತು ನಿಂತೆನೋ. ಅಂಗಡಿಯವರ ಗೇಟಿಗೆ ಹೋಗುವ ದಾರಿಯಲ್ಲಿ, ಕುಡಿಯಿತು ಎಂದು ಹೇಳಿಬಿಟ್ಟರೆ ಏನು ಎಂದು ಮನಸ್ಸು ಹೇಳಿತು. ಟೀಚರಿಗೆ ಒಮ್ಮೆ ಹೌದು ಎಂದದ್ದರ ಫಲ ಎದುರಿಗೇ ಇತ್ತು.

“ಇವತ್ತು ನೀರು ಮುಟ್ಟಲಿಲ್ಲ,” ಎಂದೆ.

ಒಳಗೆ ಹುಡುಗಿಯ ತಾಯಿ ಅಳುವುದು ಕೇಳಿತು. ಅಂಗಡಿಯವರು ಗೇಟಿನ ಸರಳು ಹಿಡಿದು ನಿಂತರು.

ಡಾಕ್ಟ್ರಿಗೆ ಹೇಳಿ ಕಳುಹಿಸಿದೆ. ಅವರು ದೂರದಿಂದ ನೋಡಿ, ಈಗ ಏನೂ ಹೇಳಲು ಆಗದು, ನಾಳೆಯವರೆಗೆ ನೋಡಬೇಕು, ಹತ್ತಿರ ಹೋಗಬೇಡಿ ಎಂದು ಹೇಳಿ ಹೋದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಅಂದು ನಾನು ಹಟ್ಟಿಯಲ್ಲಿ ಕೂತು ಯೋಚಿಸಿದೆ. ಅದು ಹುಚ್ಚಾದರೆ ಹುಡುಗಿ ಹೋದಳು. ಹುಚ್ಚಲ್ಲದೆ ಕೊರಗಿ ಸತ್ತರೂ ಅದು ಯಾವುದರಿಂದ ಸತ್ತಿತು ಎಂದು ಆ ಮನೆಯವರಿಗೆ ಹೇಳುವವರಿಲ್ಲ, ಉಳಿದ ಇಂಜೆಕ್ಷನ್ ಮುಗಿದ ಮೇಲೂ ತಿಂಗಳುಗಟ್ಟಲೆ ಹೆದರಿಕೊಂಡು ಕಾಯಬೇಕು. ಬೆಳ್ಳಿ ಸತ್ತ ಮೇಲೆ ಕೆಂಪಿ ಹೀಗೆಯೇ ಗೋಡೆ ನೋಡುತ್ತಾ ಹುಲ್ಲು ಬಿಟ್ಟಿದ್ದಳು. ನಾಯಿಗೆ ರೋಗ ಅಲ್ಲ, ಕೆಲಸವಿಲ್ಲದ ಸಂಕಟ ಎಂದು ನನಗೆ ತೋರಿತು. ತೋರಿದ್ದು ನಿಜವೇ ಎಂದು ನೋಡಲು ಒಂದೇ ದಾರಿ ಇತ್ತು.

ಸಂಜೆ ಹಾಲು ಕರೆಯುವ ಹೊತ್ತಿಗೆ ಮಕ್ಕಳನ್ನು ಒಳಗೆ ಹಾಕಿ ಚಿಲಕ ಹಾಕಿದೆ. ಎಡಗೈಗೆ ಗೋಣಿ ಸುತ್ತಿಕೊಂಡೆ. ಅಷ್ಟರಲ್ಲಿ ಅಣ್ಣ ಬಂದು ಅಂಗಳದಲ್ಲಿ ನಿಂತರು.

“ಎಂತ ಮಾಡ್ತಿ? ನಿನಗೆ ಹುಚ್ಚಾ?”

“ಅಣ್ಣಾ, ಅದು ಕಚ್ಚುವ ಹಾಗೆ ಕಟ್ಟಿದ್ದು ನಾವು,” ಎಂದೆ. “ಬಿಡಿಸಿ ನೋಡುದು ನನ್ನ ಕೆಲಸ. ನೀವು ಒಳಗೆ ಹೋಗಿ.”

ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಅವರು ಒಳಗೆ ಹೋಗಲಿಲ್ಲ, ತಡೆಯಲೂ ಇಲ್ಲ.

ಎರಡು ಹಗ್ಗ ಹಾಕಿದೆ. ಒಂದು ಗೋಣಿ ಸುತ್ತಿದ ಕೈಯಲ್ಲಿ, ಇನ್ನೊಂದು ಕೋಲಿನ ತುದಿಗೆ. ಮೊದಲು ಅದು ಏಳಲಿಲ್ಲ. ಹಟ್ಟಿಯ ಹೊರಗೆ ಕೆಂಪಿಯ ಗಂಟೆ ಅಲ್ಲಾಡಿತು. ತಲೆ ಎತ್ತಿತು. ನಾನು ಅದನ್ನು ಹಟ್ಟಿಯ ಬಾಗಿಲಿಗೆ, ಮೊದಲ ದಿನಗಳಲ್ಲಿ ಕಟ್ಟುತ್ತಿದ್ದ ಅದೇ ಕಂಬಕ್ಕೆ, ದನಗಳಿಗೆ ಮೂತಿ ತಾಗದಷ್ಟು ದೂರದಲ್ಲಿ ಕಟ್ಟಿದೆ. ದನಗಳನ್ನು ಒಂದೊಂದಾಗಿ ಹೊರಗಿನಿಂದ ತಂದು ಗೂಟಕ್ಕೆ ಹಾಕಿದೆ. ಅದು ಎದ್ದು ನಿಂತು ಲೆಕ್ಕ ಮಾಡುವವರ ಹಾಗೆ ಒಂದೊಂದನ್ನೂ ನೋಡಿತು. ಕೊನೆಯದು ಗೂಟಕ್ಕೆ ಬಂದಾಗ ಕೂತಿತು. ನಾನು ಮರಿಗೆ ಮುಂದೆ ತಳ್ಳಿದೆ.

ಮೊದಲು ನೀರು ಕುಡಿಯಿತು, ಮರಿಗೆಯ ತಳ ಕಾಣುವವರೆಗೆ. ಆಮೇಲೆ ಗಂಜಿ ತಿಂದಿತು.

ಗೇಟಿಗೆ ಹೋಗಿ ಹೇಳಿದೆ. ಈ ಸಲ ಹುಡುಗಿಯ ತಾಯಿ ಹೊರಗೆ ಬಂದು ನಿಂತರು. ಉಳಿದ ಮೂರು ದಿನ ಟೈಗರ್ ಹಟ್ಟಿಯ ಬಾಗಿಲಲ್ಲೇ ಇತ್ತು. ಹತ್ತನೆಯ ದಿನ ಡಾಕ್ಟ್ರು ಹತ್ತಿರ ಬಂದು, ಬಾಯಿ ಬಿಡಿಸಿ ನೋಡಿ, ಚೀಟಿ ಬರೆದುಕೊಟ್ಟರು. ಆಸ್ಪ‌ತ್ರೆಯಲ್ಲಿ ಇಂಜೆಕ್ಷನ್ ನಿಲ್ಲಿಸಿದರು. ಅಂಗಡಿಯವರು ಸಂಜೆ ಬೇಲಿಯ ಹತ್ತಿರ ನಿಂತು, “ಅಕ್ಕ, ದೊಡ್ಡ ಭಾರ ಇಳಿಯಿತು,” ಎಂದರು. ಉಮ್ಮನಿಗೆ ಕೊಟ್ಟ ಮಾತನ್ನು ಅವರು ನೆನಪಿಸಲಿಲ್ಲ. ಆ ಮಾತು ಬಿಟ್ಟುಬಿಡಿ ಎಂದೂ ಹೇಳಲಿಲ್ಲ.

ರಾತ್ರಿಯ ಊಟಕ್ಕೆ ಕೂತಾಗ ಅಣ್ಣ ಬಹಳ ಸಮಾಧಾನದಲ್ಲಿದ್ದರು.

“ಈಗ ಊರಿಗೆಲ್ಲ ಗೊತ್ತಾಯ್ತು, ಒಬ್ಬ ಕಳ್ಳನೂ ಈ ಕಡೆ ತಲೆ ಹಾಕ್ಲಿಕ್ಕಿಲ್ಲ. ಉಮ್ಮನಿಗೆ ನಾನು ಹೇಳ್ತೇನೆ. ನಾಳೆಯಿಂದ ಮೊದಲಿನ ಹಾಗೆ ಬಚ್ಚಲ ಹಿಂದೆ ಕಟ್ಟು. ಗಟ್ಟಿ ಸರಪಳಿ ತರ್ತೇನೆ.”

ನಾನು ಇನ್ನೊಂದು ಸೌಟು ಅನ್ನ ಬಡಿಸಿದೆ. ನಾಯಿ ನಮ್ಮಲ್ಲಿ ಉಳಿಯುವುದಾದರೆ ಉಳಿಯುವುದು ಆ ಗುಂಡಗಿನ ಚರಂಡಿಯಲ್ಲಿ. ಆಗಲೇ ನಿಶ್ಚಯ ಮಾಡಿದೆ.

ಬೆಳಗ್ಗೆ ಅಣ್ಣ ಹೋಟೆಲಿಗೆ ಹೋದ ಮೇಲೆ ಹಗ್ಗ ಹಾಕಿ ಹೊರಟೆ. ಬೈಲಿನ ಬದಿಗೆ ಬಂದಾಗ ಅದು ದನಗಳ ಕಡೆಗೆ ಎಳೆಯಿತು. ಇವತ್ತು ಬೇಡ ಎಂದೆ. ಕುಲಶೇಖರದ ಏರಿನಲ್ಲಿ ನಾನು ಎರಡು ಸಲ ನಿಂತೆ, ಅದೂ ನಿಂತಿತು. ಶೆಡ್ಡಿನ ವಾಸನೆ ಬಂದಾಗ ನನ್ನ ಕಾಲಿಗೆ ಒತ್ತಿಕೊಂಡು ನಡೆಯತೊಡಗಿತು.

ಟೀಚರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಎಲ್ಲವನ್ನೂ ಹೇಳಿದೆ. ಅಣ್ಣನ ಒಪ್ಪಿಗೆಯ ವಿಷಯದಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ರಿಜಿಸ್ಟರ್ ತೆಗೆದು ಹೊಸ ಗೆರೆಯಲ್ಲಿ ತಾರೀಕು ಹಾಕಿ ಕಾರಣದ ಕಾಲಮಿಗೆ ಬಂದು ಪೆನ್ನು ನಿಲ್ಲಿಸಿದರು.

“ಎಂತ ಬರೆಯಲಿ?”

“ನಾನು ಬರೆಯಬಹುದಾ ಟೀಚರ್?” ಎಂದು ಕೇಳಿದೆ.

ಅವರು ಪುಸ್ತಕ ನನ್ನ ಕಡೆ ತಿರುಗಿಸಿದರು. ಕಾಲಮು ಸಣ್ಣದಿತ್ತು, ನನ್ನ ಅಕ್ಷರ ದೊಡ್ಡದು. ಪಕ್ಕದ ಎರಡು ಕಾಲಮಿನ ಮೇಲೂ ಹೋಯಿತು. ‘ಕಚ್ಚುವ ನಾಯಿ ಅಲ್ಲ. ಓಡುವವರ ಹಿಮ್ಮಡಿಗೆ ಹಲ್ಲು ತಾಗಿಸುತ್ತದೆ. ಹಗಲು ಕಟ್ಟಿದ್ದು ನಮ್ಮ ತಪ್ಪು. ದನ ಇದ್ದವರಿಗೆ ಕೊಡಬೇಕು, ಮಕ್ಕಳಿರುವಲ್ಲಿ ಬೇಡ.’ ಕೆಳಗೆ ಹೆಸರು ಹಾಕಿದೆ. ಟೀಚರ್ ಓದಿ, ಮೇಲೆ ಐದಾರು ತಿಂಗಳ ಹಿಂದೆ ತಾವು ಬರೆದಿದ್ದ ಒಂದು ಶಬ್ದದ ಮೇಲೆ ಗೆರೆ ಎಳೆದರು. ನಾನು ಹೊರಡುವಾಗ ಟೈಗರ್ ಕೊನೆಯ ಗೂಡಿನಿಂದ ನನ್ನ ಕಾಲುಗಳನ್ನು ನೋಡುತ್ತಿತ್ತು. ನಾನು ಮೆಲ್ಲನೆ ನಡೆದೆ.

ಅದಕ್ಕೆ ಮುಂದೆ ಏನಾಯಿತು ಎಂದು ಖಂಡಿತವಾಗಿ ನನಗೆ ಗೊತ್ತಿಲ್ಲ. ಒಂದು ವರ್ಷದ ಮೇಲೆ ಡಾಕ್ಟ್ರು, ಘಟ್ಟದ ಕಡೆಯವರು ಯಾರೋ ಒಯ್ದರಂತೆ, ತುಂಬ ದನ ಉಂಟಂತೆ ಎಂದರು. ಹೇಳುವಾಗ ನನ್ನನ್ನು ನೋಡದೆ ತಲೆ ಎತ್ತಿ ಹಟ್ಟಿಯ ಮಾಡನ್ನು ನೋಡುತ್ತಿದ್ದರು. ನಾನು ಮತ್ತೆ ಕೇಳಲಿಲ್ಲ. ಅಣ್ಣ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ದನಗಳನ್ನು ಬೈಲಿಗೆ ಬಿಡುವುದು ನಿಲ್ಲಿಸಿದೆ, ಹುಲ್ಲು ಕೊಯ್ದು ಹೊತ್ತು ತರತೊಡಗಿದೆ. ನಮ್ಮ ಮನೆಯಲ್ಲಿ ಮತ್ತೆ ನಾಯಿ ಯಾಕೆ ಬರಲಿಲ್ಲ ಎಂದು ನೀವು ಕೇಳುತ್ತಿರುತ್ತೀರಿ, ಅದಕ್ಕೆ ಇಷ್ಟು ಬರೆದೆ.

ಬಿಟ್ಟುಬಂದ ಮರುದಿನದ ಒಂದು ಮಾತು ಉಳಿದಿದೆ. ಬೆಳಗ್ಗೆ ಹಾಲು ಅಳೆಯುತ್ತಿದ್ದೆ. ಅಂಗಡಿಯವರ ಮಗಳು ಚೊಂಬು ಹಿಡಿದು ಗೇಟಿನಲ್ಲಿ ಕಂಡಳು. ಒಳಗೆ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಇನ್ನೊಂದು ಹೆಜ್ಜೆ ಇಟ್ಟು ನಿಲ್ಲುವುದು. ಕಾಲು ನೋಯುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಹಟ್ಟಿಯ ಬಾಗಿಲಿಗೆ ಬಂದು ಖಾಲಿ ಕಂಬವನ್ನು ನೋಡಿದಳು.

“ನಾಯಿ ಎಲ್ಲಿ ಹಾಲಿನಕ್ಕ? ನಾನು ಮೆಲ್ಲನೇ ಬಂದೆ.”